ಹೆಸರು ಕೇಳದೆ ಕದ್ದ ಗಿಡ

ನಮ್ಮ ಕಡೆ ಗಿಡವನ್ನು ಕೇಳಿ ತರುವುದಕ್ಕಿಂತ ಕದ್ದು ತರುವುದು ಶ್ರೇಷ್ಠ. ಕೇಳಿ ತಂದದ್ದು ಸೊರಗುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ನಾನು ಇದನ್ನು ಪರೀಕ್ಷಿಸಿದವನಲ್ಲ, ಪಾಲಿಸಿದವನು. ಇದಕ್ಕೆ ಉಪನಿಯಮಗಳೂ ಉಂಟು. ಕದಿಯುವುದನ್ನು ಮನೆಯ ಯಜಮಾನ ನೋಡಿದರೂ ನೋಡದ ಹಾಗೆ ಒಳಗೆ ಹೋಗಬೇಕು. ಕದ್ದವರು ಮತ್ತೆ ಅದರ ಪ್ರಸ್ತಾಪ ಎತ್ತಬಾರದು. ವರ್ಷ ಬಿಟ್ಟು ಯಜಮಾನನೇ ಅವರ ಅಂಗಳಕ್ಕೆ ಬಂದು, ತನ್ನದೇ ಗಿಡವನ್ನು ಕಂಡು, “ಒಳ್ಳೆ ಬಂದಿದೆಯಲ್ಲ, ಎಲ್ಲಿಯದು?” ಎಂದು ಕೇಳಿದರೂ “ಎಲ್ಲಿಂದ ಬಂತೋ ಏನೋ” ಎನ್ನಬೇಕು. ಒಪ್ಪಿಕೊಂಡ ದಿನ ಗಿಡ ಬಾಡುತ್ತದೆ. ದಾಸವಾಳ, ಕ್ರೋಟನ್, ಮಲ್ಲಿಗೆಯ ವಿಷಯದಲ್ಲಿ ಈ ಕಾನೂನಿನಿಂದ ಯಾರಿಗೂ ಹಾನಿಯಾದದ್ದು ನನಗೆ ಗೊತ್ತಿಲ್ಲ. ನೀರಿನ ಗಿಡದ ವಿಷಯದಲ್ಲಿ ಆಯಿತು. ಅದಕ್ಕೆ ಕಾರಣನಾದವನು ನಾನು.

ಮಣಿಪಾಲದಲ್ಲಿ ನಮ್ಮ ಮನೆಯ ಹಿಂದೆ ಏಳು ಸಿಮೆಂಟಿನ ತೊಟ್ಟಿಗಳಿವೆ. ಕಾಲೇಜಿನ ಗ್ರಂಥಪಾಲಕನ ಕೆಲಸದಿಂದ ನಿವೃತ್ತನಾದ ಮೇಲೆ ಒಂದೊಂದಾಗಿ ತರಿಸಿದವು. ತಾವರೆ, ನೈದಿಲೆ ಎಲ್ಲರ ಮನೆಯಲ್ಲೂ ಇರುತ್ತದೆಂದು ನಾನು ಅವುಗಳ ಗೊಡವೆಗೆ ಹೋಗಲಿಲ್ಲ. ಕಾಪುವಿನ ಹೆದ್ದಾರಿ ಬದಿಯ ಹೊಂಡದಿಂದ ತಂದ, ಬಿಳಿ ದಳದ ತುಂಬ ನೂಲೆಳೆ ಎದ್ದಿರುವ ನಿಂಫಾಯ್ಡಿಸ್ ಒಂದರಲ್ಲಿ. ಎಲೆಗಳನ್ನೆಲ್ಲ ನೀರೊಳಗೇ ಇಟ್ಟುಕೊಂಡು ಹೂವನ್ನು ಮಾತ್ರ ಮೇಲಕ್ಕೆ ಕಳಿಸುವ ಒಟ್ಟೀಲಿಯ ಇನ್ನೊಂದರಲ್ಲಿ. ಮೂರನೆಯದರಲ್ಲಿ, ಮೇಲೆ ಮುದ್ದಾದ ಹಳದಿ ಹೂ ತೋರಿಸಿ ಕೆಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಒಂದು ಗಿಡ. ನನ್ನ ಹೆಂಡತಿ ಅದಕ್ಕೆ ‘ಮಾಂಸಾಹಾರಿ’ ಎಂದು ಹೆಸರಿಟ್ಟು ತುಳಸಿಕಟ್ಟೆಯಿಂದ ದೂರ ಇಡಿಸಿದ್ದಳು.

ಗಿಡಕ್ಕೆ ಹೆಸರು ಹೇಳಲು ನನ್ನದೊಂದು ಪದ್ಧತಿ. ಎಲೆ ಒಂದು ಸಾಕ್ಷಿ, ಹೂ ಒಂದು ಸಾಕ್ಷಿ, ಬೇರು ಒಂದು ಸಾಕ್ಷಿ. ಮೂರೂ ಒಂದೇ ಹೇಳಿಕೆ ಕೊಟ್ಟರೆ ತೊಟ್ಟಿಯ ಅಂಚಿಗೆ ಹೆಸರಿನ ಚೀಟಿ ಅಂಟುತ್ತದೆ. ಒಂದು ಸಾಕ್ಷಿ ತಪ್ಪಿದರೂ ಬರೇ ಪ್ರಶ್ನೆಚಿಹ್ನೆ. ಈ ನ್ಯಾಯಾಲಯದಲ್ಲಿ ಅಲ್ಲಿಯವರೆಗೆ ತಪ್ಪು ತೀರ್ಪು ಬಂದಿರಲಿಲ್ಲ. ಮೇಲ್ಮನವಿಗೆ ಅವಕಾಶ ಇಲ್ಲದ್ದೂ ಅದಕ್ಕೆ ಕಾರಣ ಇರಬಹುದು.

ಏಳನೇ ತೊಟ್ಟಿಯ ಗಿಡ ಬಂದದ್ದು ಸಂತೆಕಟ್ಟೆಯಿಂದ. ಪರಿಚಯದವರೊಬ್ಬರ ಮನೆಗೆ ಮದುವೆಯ ಕಾಗದ ಕೊಡಲು ಹೋಗಿದ್ದೆ. ಅವರ ಅಂಗಳದ ಮೀನಿನ ತೊಟ್ಟಿಯಲ್ಲಿ, ಜೋಡಿ ಜೋಡಿ ಎಲೆಯ ಒಂದು ತೇಲುವ ಗಿಡ ಕಂಡೆ. ಎಲೆ ಉಗುರಿನಷ್ಟು. ಮೇಲೆಲ್ಲ ಮಖಮಲ್ಲಿನ ಹಾಗೆ ರೋಮ. ನೀರು ಚಿಮುಕಿಸಿದರೆ ಹನಿ ಹನಿಯಾಗಿ ಉರುಳಿ ಹೋಗುತ್ತದೆ, ಎಲೆ ನೆನೆಯುವುದೇ ಇಲ್ಲ. ಮನೆಯವರು ಚಹಾ ತರಲು ಒಳಗೆ ಹೋದರು. ನಾನು ಮೂರು ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ. ಕದ್ದ ಮೇಲೆ ಅದರ ಹೆಸರು ಕೇಳುವ ಹಾಗಿರಲಿಲ್ಲ.

ಮನೆಗೆ ಬಂದು ವಿಚಾರಣೆಗೆ ಕೂತರೆ ಮೊದಲನೇ ತೊಡಕು ಎದುರಾಯಿತು. ಇದು ಜರೀಗಿಡದ ಜಾತಿ, ಹೂ ಬಿಡುವುದಿಲ್ಲ. ಬೇರೂ ಇಲ್ಲ, ಬೇರಿನ ಹಾಗೆ ಕೆಳಗೆ ಇಳಿಬಿದ್ದದ್ದು ಇನ್ನೊಂದು ಎಲೆಯೇ. ಮೂವರಲ್ಲಿ ಇಬ್ಬರು ಸಾಕ್ಷಿಗಳು ಗೈರುಹಾಜರು. ನಾನು ಉಳಿದ ಒಬ್ಬನ ಮೇಲೆಯೇ ಮೊಕದ್ದಮೆ ನಡೆಸಿದೆ. ಎಲೆಯನ್ನು ಮೇಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಭೂತಗನ್ನಡಿ ಹಿಡಿದೆ. ರೋಮಗಳು ನಾಲ್ಕು ನಾಲ್ಕರ ಗುಂಪಿನಲ್ಲಿದ್ದವು, ತುದಿಗಳು ಬಿಡಿಬಿಡಿಯಾಗಿ ಹರಡಿದ್ದವು. ತುದಿ ಬಿಡಿಯಾಗಿದ್ದರೆ ಅದು ಸಾಲ್ವೀನಿಯ ನೇಟನ್ಸ್, ಸಭ್ಯ ಗಿಡ, ತೊಟ್ಟಿಯಲ್ಲಿ ಇಡಬಹುದಾದದ್ದು ಎಂದು ನನ್ನ ಪುಸ್ತಕ ಹೇಳಿತು. ಚೀಟಿ ಅಂಟಿತು.

ವಾರಕ್ಕೊಮ್ಮೆ ತೊಟ್ಟಿ ತುಂಬುತ್ತಿತ್ತು. ಹೆಚ್ಚಾದದ್ದನ್ನು ತೆಗೆದು ದಾಸವಾಳದ ಬುಡಕ್ಕೆ ಹಾಕುತ್ತಿದ್ದೆ. ನನ್ನ ಕೈಗುಣವೆಂದು ಸಮಾಧಾನ.

ಫೆಬ್ರವರಿಯಲ್ಲಿ ಮೊಮ್ಮಗಳ ನಾಮಕರಣ ನಮ್ಮ ಮನೆಯಲ್ಲೇ ಆಯಿತು. ನೆಂಟರೆಲ್ಲ ಬಂದರು, ಉಂಡರು, ತೊಟ್ಟಿಗಳನ್ನು ನೋಡಿದರು, ಮಾಂಸಾಹಾರಿಯನ್ನು ಕಂಡು ನಕ್ಕರು. ಸಂಜೆ ಎಲ್ಲರೂ ಹೋದ ಮೇಲೆ ಹಿತ್ತಿಲಿಗೆ ಹೋಗಿ ನೋಡಿದರೆ ಏಳನೇ ತೊಟ್ಟಿಯ ಹಸಿರಿನ ನಡುವೆ ಒಂದು ಅಂಗೈಯಗಲ ನೀರು ಕಾಣುತ್ತಿತ್ತು. ಯಾರೋ ಕೈ ಹಾಕಿದ್ದಾರೆ. ನಿಜ ಹೇಳಬೇಕಾದರೆ ನನಗೆ ಸಂತೋಷವೇ ಆಯಿತು. ಕಳವಾಗದ ಗಿಡ ಬೆಳೆಸಿ ಏನು ಪ್ರಯೋಜನ?

ಏಪ್ರಿಲ್ ಕೊನೆಗೆ ಮೂರು ವಾರ ಮುಂಬಯಿಯಲ್ಲಿ ಮಗಳ ಮನೆಯಲ್ಲಿದ್ದೆವು. ತಿರುಗಿ ಬಂದ ದಿನ ಏಳನೇ ತೊಟ್ಟಿಯ ಹತ್ತಿರ ಹೋಗಿ ನಿಂತವನಿಗೆ ಇದು ಯಾರ ತೊಟ್ಟಿ ಎಂದೇ ತಿಳಿಯಲಿಲ್ಲ. ಚಪ್ಪಟೆ ಎಲೆಗಳು ಒಂದೂ ಇರಲಿಲ್ಲ. ಒಂದರ ಮೇಲೊಂದು ಒತ್ತಿ, ನಡುವೆ ಮಡಚಿಕೊಂಡು, ಸೆಟೆದು ಮೇಲೆದ್ದ ದಪ್ಪ ಎಲೆಗಳ ರಾಶಿ ತೊಟ್ಟಿಯ ಅಂಚು ಮೀರಿ ಕೂತಿತ್ತು. ಸೊಳ್ಳೆ ಮರಿ ತಿನ್ನಲೆಂದು ಬಿಟ್ಟಿದ್ದ ಗಪ್ಪಿ ಮೀನುಗಳು ಕೆಳಗೆ ಸತ್ತಿದ್ದವು. ನಾನು ವಾರ ವಾರ ತೆಗೆಯುತ್ತಿದ್ದುದರಿಂದ ಅದಕ್ಕೆ ತನ್ನ ನಿಜರೂಪ ತೋರಿಸಲು ಜಾಗ ಸಿಕ್ಕಿರಲಿಲ್ಲ ಎಂಬುದು ಆಗ ಹೊಳೆಯಿತು.

ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಉಡುಪಿಗೆ ಹೋದೆ. ಅಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅಧ್ಯಾಪಕಿ ಹಿಂದೆ ನನ್ನ ಗ್ರಂಥಾಲಯದ ವಿದ್ಯಾರ್ಥಿನಿ. ಪುಸ್ತಕ ತಡ ಮಾಡಿ ನನ್ನಿಂದ ಬೈಸಿಕೊಂಡವರು. ಅವರು ಡಬ್ಬಿ ತೆರೆದು ನೋಡಿದರು.

“ಇದಕ್ಕೆ ಎಂತ ಹೆಸರು ಬರೆದಿದ್ದೀರಿ ಸರ್?”

ಹೇಳಿದೆ. ಅವರು ಎಲೆಯನ್ನು ಮುಟ್ಟದೆ, ಚಿಮಟದಲ್ಲಿ ತೊಟ್ಟು ಹಿಡಿದು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದರು. ನಾಲ್ಕು ನಾಲ್ಕು ರೋಮಗಳು ಎದ್ದು, ಹೊರಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಒಂದಾಗಿ ಕೂಡಿದ್ದವು. ಸಾವಿರಾರು ಪುಟ್ಟ ಕಡಗೋಲುಗಳನ್ನು ತಲೆಮೇಲಾಗಿ ನೆಟ್ಟ ಹಾಗಿತ್ತು.

“ನೀವು ಒತ್ತಿ ನೋಡಿದ್ದಿರಾ?”

“ಚಪ್ಪಟೆಯಾಗಿ ಕೂರಲಿ ಅಂತ ಸ್ವಲ್ಪ...”

“ಹಾಗೆ ಒತ್ತಿದರೆ ತುದಿ ಮುರಿಯುತ್ತದೆ. ತುದಿ ಮುರಿದ ಮೇಲೆ ಎಲ್ಲ ಸಾಲ್ವೀನಿಯವೂ ಸಭ್ಯವೇ ಸರ್. ಇದು ಮೊಲೆಸ್ಟ. ಕೇರಳದವರು ಆಫ್ರಿಕನ್ ಪಾಯಲ್ ಅಂತಾರೆ. ಇದಕ್ಕೆ ಬೀಜ ಇಲ್ಲ, ಬೇಡ ಕೂಡ. ತುಂಡು ಮಾಡಿದಷ್ಟೂ ಗಿಡ. ಕೆರೆ ಮುಚ್ಚಿದರೆ ಕೆಳಗೆ ಮೀನು ಸಾಯುತ್ತದೆ. ಗದ್ದೆಗೆ ನೀರಿನ ಜೊತೆ ಹೋದರೆ ಭತ್ತದ ನೇಜಿ ಮೇಲೇಳುವುದಿಲ್ಲ.” ಆಮೇಲೆ, ಯಾವುದನ್ನು ಕೇಳದಿರಲಿ ಎಂದುಕೊಂಡಿದ್ದೆನೋ ಅದನ್ನೇ ಕೇಳಿದರು: “ಯಾರಿಗಾದರೂ ಕೊಟ್ಟಿದ್ದೀರಾ?”

“ಯಾರಿಗೂ ಕೊಟ್ಟಿಲ್ಲ.”

“ಹಾಗಾದರೆ ಬಚಾವ್.”

ನಾನು ಕೊಟ್ಟಿರಲಿಲ್ಲ ಎಂಬುದು ಅಕ್ಷರಶಃ ಸತ್ಯ. ಇಂಥ ಸತ್ಯ ಹೆಚ್ಚು ಹೊತ್ತು ಬಾಳುವುದಿಲ್ಲ. “ಆದರೆ ಒಬ್ಬರು ತೆಗೆದುಕೊಂಡು ಹೋಗಿದ್ದಾರೆ,” ಎಂದೆ.

“ಯಾರು?”

“ಅದು ಗೊತ್ತಿಲ್ಲ.”

ಅವರೂ ಇಲ್ಲಿಯವರೇ, ವಿವರಿಸಬೇಕಾಗಲಿಲ್ಲ. ಕಿಟಕಿಯಿಂದ ಆಚೆ ನೋಡಿದರು. ಪಡುವಣದಲ್ಲಿ ಮೋಡ ಒಟ್ಟಾಗುತ್ತಿತ್ತು. ಆ ವಾರ ಆಗಲೇ ಎರಡು ಮಳೆ ಬಂದು ಹೋಗಿತ್ತು. “ಇದನ್ನು ತಿನ್ನುವ ಒಂದು ಹುಳ ಉಂಟು ಸರ್. ಅದಕ್ಕೆ ವರ್ಷಗಳು ಬೇಕು. ಮಳೆಗೆ ವಾರ ಸಾಕು. ತೊಟ್ಟಿಯಲ್ಲಿ ಇದ್ದರೆ ಯೋಚನೆ ಇಲ್ಲ. ಹರಿಯುವ ನೀರಿಗೆ ಸೇರುವ ಮೊದಲು ಹುಡುಕಿ.”

ಕಾಲೇಜಿನ ಮೆಟ್ಟಿಲ ಮೇಲೆ ನಿಂತೇ ಸಂತೆಕಟ್ಟೆಯ ಮನೆಗೆ ಫೋನು ಮಾಡಿ ನನ್ನ ಕಳ್ಳತನ ಒಪ್ಪಿಕೊಂಡೆ. ಆಚೆಯಿಂದ ನಗು ಕೇಳಿತು. “ಅದಾ? ಮೀನಿನ ಜೊತೆ ಬಂದ ದರಿದ್ರ ಅದು. ತಿಂಗಳಾಯ್ತು, ಬಿಸಿಲಿಗೆ ಹಾಕಿ ಒಣಗಿಸಿ ಸುಟ್ಟು ಹಾಕಿದೆವು. ನೀವು ಕೇಳಿದ್ದರೆ ಆವತ್ತೇ ಹೇಳ್ತಿದ್ದೆ ಅಲ್ವಾ?”

ಮನೆಗೆ ಬಂದು ನಾನೂ ಹಾಗೆಯೇ ಮಾಡಿದೆ. ಏಳನೇ ತೊಟ್ಟಿಯದ್ದನ್ನು ಪೂರ್ತಿ ಬುಟ್ಟಿಗೆ ತುಂಬಿ ತಾರಸಿಯ ಮೇಲೆ ಹರಡಿದೆ. ಬಕೆಟಿಗೆ ಅಂಟಿದ ತುಂಡನ್ನೂ ಬಿಡದೆ ಆರಿಸಿದೆ. ಹೆಂಡತಿ ಮೆಟ್ಟಿಲ ಮೇಲೆ ಕೂತು ನಾಮಕರಣಕ್ಕೆ ಬಂದ ನೆಂಟರ ಪಟ್ಟಿಯನ್ನು ಬಾಯಲ್ಲೇ ಓದುತ್ತಿದ್ದಳು.

“ಪೆರ್ಡೂರಿನವರು?” ಎಂದೆ.

“ಅವರ ಮನೆಯಲ್ಲಿ ತೊಟ್ಟಿಯೇ ಇಲ್ಲ. ಬಾವಿಗೆ ಹಾಕುವಷ್ಟು ಮರುಳರಲ್ಲ.” ಅವಳು ಇನ್ನೊಂದು ಬೆರಳು ಮಡಚಿದಳು. “ನಿಮ್ಮ ಅಕ್ಕ ಬರುವಾಗ ಟಿಫಿನ್ ಕ್ಯಾರಿಯರಿನಲ್ಲಿ ಪತ್ರೊಡೆ ತಂದಿದ್ದರು.”

“ಹೌದು. ಎಲ್ಲ ಖರ್ಚಾಯಿತು.”

“ಖಾಲಿ ಕ್ಯಾರಿಯರನ್ನು ನಾನೇ ತೊಳೆದು ಕೊಟ್ಟೆ. ಹೋಗುವಾಗ ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಹೋದರು. ಖಾಲಿ ಪಾತ್ರೆಯನ್ನು ಯಾರಾದರೂ ತುಳುಕದ ಹಾಗೆ ಹಿಡಿಯುತ್ತಾರಾ ಇವರೇ?”

ಇದನ್ನು ಅವಳು ಮೂರು ತಿಂಗಳು ಒಳಗೆ ಇಟ್ಟುಕೊಂಡಿದ್ದಳು. ಕಾನೂನು ಎಂದರೆ ಕಾನೂನು.

ಅಕ್ಕನ ಮನೆ ಬಜಗೋಳಿಯಿಂದ ಸ್ವಲ್ಪ ಒಳಗೆ. ಭಾವ ತೀರಿಕೊಂಡ ಮೇಲೆ ಗದ್ದೆಯನ್ನೆಲ್ಲ ಅವಳೇ ಮಾಡಿಸುತ್ತಾಳೆ. ಮಗ, ಸೊಸೆಗೆ ಕಾರ್ಕಳದಲ್ಲಿ ಅಂಗಡಿ. ಮನೆಯ ಮೇಲ್ಗಡೆ ನಾಲ್ಕು ಮನೆಯವರಿಗೆ ಸೇರಿದ ಒಂದು ಒರತೆಯ ಕೆರೆ. ಹೂಳು ತುಂಬಿ ಹೊಂಡವಾಗಿದ್ದದ್ದನ್ನು ಎಲ್ಲರ ಬೆನ್ನು ಹತ್ತಿ ತೋಡಿಸಿದವಳು ಅವಳು. ಆ ಮೇಲೆ ಕೆರೆಯ ಯಜಮಾನಿಕೆ ಯಾರೂ ಕೊಡದೆಯೇ ಅವಳ ಕೈಗೆ ಬಂತು. ಬೇಸಗೆಯಲ್ಲೂ ಅದರ ನೀರು ಕೋಡಿಗೆ ಒಂದು ಗೇಣು ಕಡಿಮೆ. ಕೋಡಿ ಹರಿದರೆ ನೀರು ತೋಡಿಗೆ, ತೋಡಿನಿಂದ ಕೆಳಗಿನ ಅಷ್ಟೂ ಗದ್ದೆಗಳಿಗೆ. ಇದೆಲ್ಲ ತಲೆಯಲ್ಲಿ ಓಡುತ್ತಿರುವಾಗ ಫೋನು ಮಾಡಿದೆ.

“ಅಕ್ಕ, ನಾಮಕರಣದ ದಿನ ಏಳನೇ ತೊಟ್ಟಿಯಿಂದ ಏನಾದರೂ ತೆಗೆದುಕೊಂಡು ಹೋದೆಯಾ?”

“ನಾನಾ? ನಿನ್ನ ಪಾಚಿ ನನಗೆ ಎಂತಕ್ಕೆ?”

“ಪಾಚಿ ಅಂತ ನಾನು ಹೇಳಲೇ ಇಲ್ಲ.”

ಆಚೆ ಕಡೆ ಕೋಳಿ ಕೂಗಿದ್ದು ಕೇಳಿತು.

“ಅದು ಕೆಟ್ಟ ಗಿಡ ಅಕ್ಕ. ಎಲ್ಲಿದ್ದರೂ ತೆಗೆಯಬೇಕು.”

“ಎಷ್ಟು ಹೊಟ್ಟೆಕಿಚ್ಚು ನಿನಗೆ! ಎಪ್ಪತ್ತು ವರ್ಷದ ಅಕ್ಕನ ಬಾಯಿಂದ ಹೌದು ಅನ್ನಿಸಿ ಗಿಡ ಸಾಯಿಸುವ ಬುದ್ಧಿ. ನಾನು ಎಂತದ್ದೂ ತಂದಿಲ್ಲ. ಇಡ್ತೇನೆ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹಿರಿಯಡ್ಕ ದಾಟುವಾಗ ಗಾಜಿನ ಮೇಲೆ ನಾಲ್ಕು ಹನಿ ಬಿತ್ತು. ಕಾರ್ಕಳದಲ್ಲಿ ಬಿಸಿಲು. ಬಜಗೋಳಿಯಲ್ಲಿ ಇಳಿದಾಗ ಮತ್ತೆ ಮೋಡ. ನಾನು ಆಕಾಶವನ್ನು ಇಷ್ಟು ಭಯಭಕ್ತಿಯಿಂದ ಎಂದೂ ನೋಡಿದವನಲ್ಲ.

ಅಕ್ಕ ಮನೆಯಲ್ಲಿರಲಿಲ್ಲ, ಕೆರೆಯ ದಂಡೆಯಲ್ಲಿದ್ದಳು. ಕೆರೆಯ ಕಾಲು ಭಾಗ ಹಸಿರಾಗಿತ್ತು. ಮೂಡುಬದಿಯ ಮೂಲೆಯಲ್ಲಿ, ಕೋಡಿಗೆ ಹತ್ತಿರವಾಗಿ, ಮಡಚಿದ ಎಲೆಗಳು ಒತ್ತಿ ನಿಂತು ಒಂದು ಜಮಖಾನ ಹಾಸಿದಂತೆ ಇತ್ತು. ಮೊದಲು ನೀರು ತುಂಬಿಡುವ ಕಲ್ಲಿನ ಮರಿಗೆಯಲ್ಲಿ ಬಿಟ್ಟಿದ್ದಳಂತೆ. ಮರಿಗೆ ತುಂಬಿದ್ದು ನೋಡಿ, ಇಷ್ಟು ಲಕ್ಷಣವಾದ ಗಿಡ ಮರಿಗೆಯಲ್ಲಿ ಯಾಕೆಂದು ಕೆರೆಗೆ ಬಿಟ್ಟಳಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ಅವಳು ಹೇಳಿದ್ದು ಇಷ್ಟೇ: “ನೋಡು, ತಾನಾಗಿಯೇ ಬಂದಿದೆ. ಎಷ್ಟು ಚೆಂದ.”

ನಾನು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಸಂತೆಕಟ್ಟೆ, ಕರವಸ್ತ್ರ, ಹೆಬ್ಬೆರಳು, ಸತ್ತ ಗಪ್ಪಿ. ಹೆಸರು ತಪ್ಪಿದವನು ನಾನೇ ಎಂದೂ ಹೇಳಿದೆ. ಅವಳು ಕೋಡಿಯ ಕಡೆಗೇ ನೋಡುತ್ತಿದ್ದಳು. ನೀರು ಕೋಡಿಗೆ ನಾಲ್ಕು ಬೆರಳು ಕಡಿಮೆ ಇತ್ತು.

“ಇದು ಕೆಳಗೆ ಹೋದರೆ?”

“ಕೆಳಗಿನ ಗದ್ದೆಗಳು ಹೋದ ಹಾಗೆ.”

“ನಾನೇ ತಂದು ಬಿಟ್ಟದ್ದು,” ಎಂದಳು. ಮತ್ತೆ ತಕ್ಷಣ, “ಇದನ್ನು ನೀನು ಇಲ್ಲಿ ಯಾರ ಹತ್ತಿರವೂ ಹೇಳಬಾರದು ಆಯ್ತಾ? ಈ ಊರಲ್ಲಿ ನಾನು ಮುಖ ಎತ್ತಿ ನಡೆಯಬೇಕು.”

ನಾವು ಇಬ್ಬರೇ ದೋಟಿ ಹಿಡಿದು ಶುರು ಮಾಡಿದೆವು. ಉದ್ದ ಬಿದಿರಿನ ತುದಿಗೆ ಕೊಕ್ಕೆ ಕಟ್ಟಿ ಸೆಳೆದದ್ದೇ ತಡ, ಜಮಖಾನ ಹರಿದು ತುಂಡು ತುಂಡಾಗಿ ತಿಳಿನೀರಿಗೆ ಹರಡಿತು. ತುಂಡು ಮಾಡಿದಷ್ಟೂ ಗಿಡ ಎಂದು ಅಧ್ಯಾಪಕಿ ಹೇಳಿದ್ದನ್ನು ನಾನು ಕೈಯಾರೆ ರುಜುವಾತು ಮಾಡುತ್ತಿದ್ದೆ. ಕೊಕ್ಕೆ ಕೆಳಗಿಟ್ಟೆ. ಇದಕ್ಕೆ ಗ್ರಂಥಪಾಲಕ ಸಾಲದು, ಬಲೆಯವನು ಬೇಕು.

ಕಾಪುವಿನಲ್ಲಿ ನನ್ನ ಶಾಲೆಯ ಗೆಳೆಯನೊಬ್ಬನಿದ್ದಾನೆ. ಕೈರಂಪಣಿ ಎಳೆಯುವುದೇ ಅವನ ಜನ್ಮದ ಕೆಲಸ. ದೋಣಿಯಲ್ಲಿ ಬಲೆಯನ್ನು ಸಮುದ್ರದಲ್ಲಿ ಸುತ್ತು ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಕೈಯಿಂದ ಎಳೆದು ತರುವ ಕಸುಬು ಅದು. ಫೋನು ಎತ್ತಿದವನು ಪೂರ್ತಿ ಕೇಳಿ ಹೇಳಿದ: “ಎಂತ ಮಾರಾಯ, ಮೀನಾದರೆ ಓಡ್ತದೆ, ಅದಕ್ಕೆ ನಾನು ಬೇಕು. ನಿನ್ನ ಈ ಸೊಪ್ಪು ಓಡುವುದೂ ಇಲ್ಲ.”

“ಮುಟ್ಟಿದರೆ ಒಡೆಯುತ್ತದೆ.”

“ಹಾಗಾದರೆ ಮುಟ್ಟಬೇಡ. ನಾನು ಬರುವವರೆಗೆ ಯಾರೂ ಮುಟ್ಟಬೇಡಿ. ಎಳೆಯಲು ಹತ್ತು ಜನ ಮಾಡಿಡು.”

ಹತ್ತು ಜನ ಎಂದರೆ ನಾಲ್ಕು ಮನೆಯವರನ್ನು ಕರೆಯಬೇಕು. ಅಕ್ಕ ಬೇಲಿ ಬೇಲಿಗೆ ಹೋಗಿ “ಮಳೆಗೆ ಮೊದಲು ಕೆರೆ ಕ್ಲೀನು ಮಾಡುವುದು, ಬನ್ನಿ” ಎಂದು ಕರೆದು ಬಂದಳು. ಕೆರೆಯ ವಿಷಯದಲ್ಲಿ ಅವಳು ಕರೆದರೆ ಬಾರದವರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೆಳೆಯ ಒಂದು ಟೆಂಪೋದಲ್ಲಿ ಹಳೇ ಬಲೆ ಹೇರಿಕೊಂಡು ಬಂದ. ಸಣ್ಣ ಕಣ್ಣಿನ ಬಲೆ, ಹೆಬ್ಬೆರಳ ಉಗುರೂ ನುಗ್ಗದ್ದು. ಕೆರೆಯನ್ನು ಒಂದು ಸುತ್ತು ಹಾಕಿದ. ನೀರನ್ನು ನೋಡಲಿಲ್ಲ, ತೆಂಗಿನ ಗರಿಗಳನ್ನು ನೋಡಿದ.

“ಗಾಳಿ ಪಡುವಿನಿಂದ. ಹಾಗಾಗಿಯೇ ಸೊಪ್ಪೆಲ್ಲ ಕೋಡಿಯ ಮೂಲೆಗೆ ಬಂದು ಕೂತದ್ದು. ಮಳೆ ಬಂದರೆ ಇದೇ ಗಾಳಿ ಅದನ್ನು ಕೋಡಿಯಿಂದ ಹೊರಗೆ ದೂಡ್ತದೆ. ಕೋಡಿಯ ಕಡೆಯಿಂದ ಬಲೆ ಬಿಡುವುದು, ಪಡು ದಂಡೆಗೆ ಎಳೆಯುವುದು. ಗಾಳಿಗೆ ಎದುರು. ಕಷ್ಟ ಉಂಟು.” ನನ್ನ ಕಡೆ ತಿರುಗಿದ. “ಮೇಲಂಚಿಗೆ ತೇಲುವ ಬೆಂಡು ಇನ್ನಷ್ಟು ಕಟ್ಟು. ಮೀನು ತಪ್ಪಿಸಿಕೊಳ್ಳುವುದು ಕೆಳಗಿಂದ, ಇದು ಮೇಲಿಂದ.”

ಬೆಂಡು ಕಟ್ಟಿದೆ. ನನ್ನ ಗಂಟುಗಳನ್ನು ಅವನು ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟಿದ. “ಪುಸ್ತಕಕ್ಕೆ ದಾರ ಕಟ್ಟಿದ ಹಾಗೆ ಕಟ್ಟಿದ್ದಿ,” ಎಂದ.

ಅವನು ಕತ್ತಿನವರೆಗೆ ನೀರಿನಲ್ಲಿ ನಡೆದು, ಅಲೆ ಏಳದ ಹಾಗೆ, ಜಮಖಾನದ ಹಿಂದಿನಿಂದ ಬಲೆಯನ್ನು ಸುತ್ತು ತಂದ. ದಂಡೆಯಲ್ಲಿ ಎರಡು ಹಗ್ಗಕ್ಕೆ ಐದೈದು ಜನ ನಿಂತರು. ಗುಡುಗು ಕುದುರೆಮುಖದ ಕಡೆಯಿಂದ ಕೇಳಿತು.

“ಎಳೆಯಿರಿ. ಜಗ್ಗಬೇಡಿ, ಎಳೆಯಿರಿ. ಬಡಗಿನವರು ನಿಧಾನ! ಮದುವೆ ಊಟಕ್ಕೆ ಹೋಗುವುದಲ್ಲ!”

ಜಮಖಾನ ಇಡಿಯಾಗಿ, ಒಡೆಯದೆ, ಅಲುಗಿತು. ಒಂದು ಮಾರು ಬಂತು. ಎರಡು ಮಾರು. ಹಗ್ಗದಲ್ಲಿದ್ದ ಕೆಳಮನೆಯವರು ಏದುಸಿರು ಬಿಡುತ್ತ ಕೇಳಿದರು: “ಅಕ್ಕ, ಇದು ಎಲ್ಲಿಂದ ಬಂತು ನಮ್ಮ ಕೆರೆಗೆ?”

ಅಕ್ಕ ನನ್ನನ್ನು ನೋಡಿದಳು. “ಎಲ್ಲಿಂದ ಬಂತೋ ಏನೋ.”

ಅಷ್ಟರಲ್ಲಿ ಮಳೆ ಬಂತು.

ಹನಿ ಹನಿಯಾಗಿ ಬರುವ ಮಳೆಯಲ್ಲ, ಒಂದೇ ಸಲ ಸುರಿದದ್ದು. ಕೆರೆ ಕುದಿಯುವ ಹಾಗಾಯಿತು. ಪಡುಗಾಳಿ ಜಮಖಾನವನ್ನು ಬಲೆಯ ಮೇಲೆ ಒತ್ತಿತು. ಹಗ್ಗ ಹಿಡಿದವರು ಕೆಸರಿನಲ್ಲಿ ಹಿಮ್ಮಡಿ ಊರಿ ನಿಂತಲ್ಲೇ ನಿಂತರು. ಗೆಳೆಯ ನೀರಿನಿಂದ ಕೂಗಿದ: “ಕೋಡಿ! ಕೋಡಿ ಕಟ್ಟಿ!”

ನಾನು, ಅಕ್ಕ ಓಡಿದೆವು. ಬೆಳಿಗ್ಗೆ ಕೊಕ್ಕೆಯಲ್ಲಿ ನಾನೇ ಒಡೆದು ಹರಡಿದ ತುಂಡುಗಳು ಬಲೆಯ ಹೊರಗೆ ಉಳಿದಿದ್ದವು. ಅವು ಕೋಡಿಯತ್ತ ಬರುತ್ತಿದ್ದವು. ಅಕ್ಕ ಮನೆಯಿಂದ ಸೊಳ್ಳೆಪರದೆ ಹಿಡಿದು ತಂದಳು. ಎರಡು ಮಡಿಕೆ ಮಾಡಿ, ಕಲ್ಲು ಹೇರಿ, ಕೋಡಿಗೆ ಅಡ್ಡ ಹಿಡಿದು ಆಚೆ ಈಚೆ ಮೊಣಕಾಲೂರಿ ಕೂತೆವು. ನೀರು ಏರಿತು. ನಾಲ್ಕು ಬೆರಳು ಮೂರಾಯಿತು, ಎರಡಾಯಿತು, ಕೋಡಿ ಹರಿಯತೊಡಗಿತು. ಪರದೆ ಗಾಳಿಪಟದ ಹಾಗೆ ಉಬ್ಬಿತು. ತುಂಡುಗಳು ಬಂದು ಅಂಟಿಕೊಂಡವು, ನಾನು ಒಂದೊಂದಾಗಿ ಆರಿಸಿ ಅಂಗಿಯ ಕಿಸೆಗೆ ತುಂಬಿದೆ. ಹಿಂದಿನಿಂದ ಗೆಳೆಯನ ಬೈಗುಳ ಕೇಳುತ್ತಿತ್ತು. ಬೈಗುಳ ಇರುವವರೆಗೆ ಬಲೆ ಇದೆ ಎಂದು ಅರ್ಥ.

ಅಕ್ಕನ ಬದಿಯ ಕಲ್ಲು ಉರುಳಿತು. ಪರದೆಯ ಮೂಲೆ ಎದ್ದಿತು. ಅವಳು ಮೈಯಿಂದಲೇ ಒತ್ತಿ ಹಿಡಿದಳು. ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಹಸಿರು ತುಂಡುಗಳು ಅವಳ ಮೊಣಕೈಯ ಕೆಳಗಿನಿಂದ ಜಾರಿ ತೋಡಿಗೆ ಇಳಿದದ್ದನ್ನು ನಾನು ನೋಡಿದೆ. ಅವಳೂ ನೋಡಿದಳು.

ಆಚೆ ದಂಡೆಯಲ್ಲಿ ಹೋ ಎಂಬ ಕೂಗೆದ್ದಿತು. ಬಲೆ ದಡ ಮುಟ್ಟಿತ್ತು. ಒದ್ದೆ ಹಾಸಿಗೆಯ ಹಾಗೆ ಜಮಖಾನ ದಂಡೆಯ ಮೇಲೆ ಬಿದ್ದಿತ್ತು, ಮೊಣಕಾಲೆತ್ತರ. ಗೆಳೆಯ ಅದರ ಮೇಲೆ ಕೂತು ಬೀಡಿಗೆ ಒಣ ಬೆಂಕಿಪೊಟ್ಟಣ ಯಾರಲ್ಲಾದರೂ ಉಂಟಾ ಎಂದು ಕೇಳುತ್ತಿದ್ದ.

“ಎಷ್ಟು ಹೋಯಿತು?” ಅಕ್ಕ ಮೆಲ್ಲಗೆ ಕೇಳಿದಳು.

“ನಾಲ್ಕೋ ಐದೋ.”

ಮೂರು ತುಂಡಿನಿಂದ ಇಷ್ಟು ಆದದ್ದು ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಕು ಹರಿಯುವಾಗಲೇ ತೋಡಿಗೆ ಇಳಿದೆವು. ಮಳೆ ನಿಂತಿತ್ತು, ತೋಡು ಕೆಂಪಾಗಿ ಹರಿಯುತ್ತಿತ್ತು. ಅಕ್ಕ ಸೀರೆ ಎತ್ತಿ ಕಟ್ಟಿ ಎಡದಂಡೆ, ನಾನು ಬಲದಂಡೆ. ಪ್ರತಿ ಬೇರು, ಪ್ರತಿ ಕಸದ ಗುಡ್ಡೆ. ಮೊದಲನೆಯದು ದಂಡೆಯ ಮುಂಡುಗದ ಪೊದೆಯ ಬೇರಿನ ಸಂದಿಯಲ್ಲಿ ಸಿಕ್ಕಿತು. ಎರಡನೆಯದು ಒಂದು ಪ್ಲಾಸ್ಟಿಕ್ ಚೀಲದ ಬಾಯಲ್ಲಿ. ಮೂರನೆಯದಕ್ಕೆ ಒಂದು ಗಂಟೆ ಹೋಯಿತು. ಆಮೇಲೆ ಬರೇ ನೀರು. ಸೊಂಟ ಬಿದ್ದುಹೋದ ಹಾಗಿತ್ತು. ನಾಲ್ಕು ಎಂದದ್ದು ಮೂರೇ ಇದ್ದಿರಬಹುದೆಂದು ನನಗೆ ನಾನೇ ವಾದ ಮಾಡತೊಡಗಿದೆ. ಒಬ್ಬ ಸಾಕ್ಷಿಯ ಮೇಲೆ ತೀರ್ಪು ಕೊಡುವ ಚಪಲ ಇನ್ನೂ ಹೋಗಿರಲಿಲ್ಲ.

ತೋಡು ತಿರುಗುವಲ್ಲಿ ಕೆಳಮನೆಯವರ ಗದ್ದೆ. ನಿನ್ನೆ ಹಗ್ಗ ಎಳೆಯುತ್ತ ‘ಎಲ್ಲಿಂದ ಬಂತು’ ಎಂದು ಕೇಳಿದವರೇ. ನೇಜಿಗೆಂದು ಮೊಳಕೆ ಹಾಕಿದ ಗದ್ದೆಗೆ ತೋಡಿನಿಂದ ನೀರು ತಿರುಗಿಸುತ್ತಿದ್ದರು. ಹಾರೆ ಊರಿ ನಮ್ಮನ್ನು ನೋಡಿದರು.

“ಎಂತ ಹುಡುಕುವುದು ಇಬ್ಬರೂ? ಬಂಗಾರ ಬಿದ್ದು ಹೋಯ್ತಾ?”

ಏನು ಹೇಳಬಹುದೆಂದು ನಾನು ಸಿದ್ಧ ಮಾಡುತ್ತಿದ್ದೆ. ಅಕ್ಕ ಕಾಯಲಿಲ್ಲ. ತೋಡಿನ ನಡುವೆ ನಿಂತು, ಸಂತೆಯಲ್ಲಿ ಹೇಳಿದಷ್ಟು ದೊಡ್ಡದಾಗಿ ಹೇಳಿದಳು.

“ನಿನ್ನೆ ನೀನು ಕೇಳಿದೆಯಲ್ಲ, ಆ ಸೊಪ್ಪನ್ನು ಕೆರೆಗೆ ತಂದು ಬಿಟ್ಟವಳು ನಾನು. ತಮ್ಮನ ಮನೆಯಿಂದ ಕದ್ದು ತಂದದ್ದು. ಕೋಡಿಯಿಂದ ಇತ್ತ ಬಂದಿದೆ. ಮೂರು ಸಿಕ್ಕಿತು. ಇನ್ನೂ ಉಂಟು. ನಿನ್ನ ಗದ್ದೆಗೆ ಹೋಗಿದ್ದರೂ ಹೋಗಿರಬಹುದು.”

“ಹೆಸರು ತಪ್ಪು ಹೇಳಿದ್ದು ನಾನು,” ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ.

“ಕೆರೆಯಲ್ಲಿ ಸೋಪು ಹಾಕಿ ಬಟ್ಟೆ ಒಗೆದದ್ದಕ್ಕೆ ನನ್ನ ಹೆಂಡತಿಗೆ ಇಡೀ ಊರು ಕೇಳುವ ಹಾಗೆ ಬೈದಿದ್ದಿರಿ,” ಎಂದರು ಅಕ್ಕನಿಗೆ.

“ಬೈದದ್ದು ಹೌದು.”

“ಎರಡು ದಿನ ಊಟ ಮಾಡಿರಲಿಲ್ಲ ಅವಳು.”

“ಈಗ ನೀನು ಬೈ. ಅವಳನ್ನೂ ಕರೆ, ಅವಳೂ ಬೈಯಲಿ. ಆದರೆ ಮೊದಲು ನೀರು ಕಟ್ಟು ಮಾರಾಯ. ಗದ್ದೆಗೆ ಇನ್ನೊಂದು ಹನಿ ಬಿಡಬೇಡ.”

ಅವರು ಹಾರೆಯಿಂದ ಎರಡು ಬುಟ್ಟಿಯಷ್ಟು ಮಣ್ಣು ಎಳೆದು ಗದ್ದೆಯ ಬಾಯಿ ಮುಚ್ಚಿದರು. ಗದ್ದೆಯಂಚಿನ ಹುಣಿಯಿಂದ ಇ​ಳಿದು, ಮೊಳಕೆಯ ಅಂಚಿನಲ್ಲಿ ಬಗ್ಗಿ ಬಗ್ಗಿ ನಡೆದರು. ಒಂದು ಕಡೆ ನಿಂತು ನೀರಿಗೆ ಕೈ ಹಾಕಿದರು. ಹಿಂದೆ ಬಂದು ಅಂಗೈ ಬಿಡಿಸಿದರು.

“ಇದಾ?”

ಜೋಡಿ ಎಲೆ, ಕೆಳಗೆ ಇಳಿಬಿದ್ದ ನಾರು. ಕೆಸರು ಮೆತ್ತಿದರೂ ಎಲೆ ಒದ್ದೆಯಾಗಿರಲಿಲ್ಲ.

“ಇದೇ.”

“ನಾಲ್ಕಾಯಿತು. ಒಟ್ಟು ಎಷ್ಟು?”

ನಾನು ಅಕ್ಕನನ್ನು ನೋಡಿದೆ. ಅವಳು, “ಐದು ಅಂತ ಇಟ್ಟುಕೋ,” ಎಂದಳು.

ಅವರು ಲುಂಗಿ ಎತ್ತಿ ಕಟ್ಟಿ ತೋಡಿಗೆ ಇಳಿದು ನಡುವಿನಲ್ಲಿ ನಿಂತರು. ನಾವು ಒಂದೊಂದು ದಂಡೆ ಹಿಡಿದೆವು. ಕೆಳಗೆ ಹೊಳೆಯವರೆಗೆ ಇನ್ನೂ ಅರ್ಧ ಮೈಲಿ ತೋಡು ಇತ್ತು.